ಪಿಕಪ್ ಮುಂದೆ ‘ಲಟಕ್’ ಸದ್ದೇ? ಸಾಮಾನು ಬದಲಿಸುವ ಮುನ್ನ ಹೀಗೆ ನೋಡಿ

ಹಳೆ ಪಿಕಪ್ ಇಟ್ಟುಕೊಂಡ ಕೃಷಿಕರಿಗೆ ಮುಂದಿನ ಚಕ್ರದ ಬಳಿಯ ‘ಲಟಕ್’ ಸದ್ದು ಹೊಸತಲ್ಲ. ತೋಟದ ಹೊಂಡದ ದಾರಿ, ತೋಡಿನ ಕಲ್ಲು, ಗೊಬ್ಬರದ ಲೋಡು ಎಲ್ಲ ಸೇರಿ ಮುಂಭಾಗದ ಬುಷ್, ಜಾಯಿಂಟುಗಳನ್ನು ಸವೆಸುತ್ತವೆ. “ಹಳೆ ಗಾಡಿ, ಸದ್ದು ಇದ್ದದ್ದೇ” ಅಂತ ಬಿಟ್ಟುಬಿಡುವವರು ಇದ್ದಾರೆ. ಸದ್ದು ನಿಲ್ಲುವವರೆಗೆ ಒಂದೊಂದೇ ಸಾಮಾನು ಬದಲಿಸುತ್ತಾ ಹೋಗುವವರೂ ಇದ್ದಾರೆ. ಎರಡೂ ನಷ್ಟದ ದಾರಿಯೇ.

ಸವೆದದ್ದು ಬರೇ ಒಂದು ರಬ್ಬರ್ ಆದರೆ ಕಿವಿಗೆ ಕಿರಿಕಿರಿ, ಅಷ್ಟೆ. ಅದೇ ಸ್ಟಿಯರಿಂಗಿನ ಟೈರಾಡ್ ಎಂಡ್ ಆದರೆ ಕಥೆ ಬೇರೆ. ಅದು ಕಳಚಿತೆಂದರೆ ಆ ಕಡೆಯ ಚಕ್ರ ನಮ್ಮ ಹಿಡಿತದಲ್ಲಿ ಇರುವುದಿಲ್ಲ. ಅಡಿಕೆ ಚೀಲ ಹೇರಿಕೊಂಡು ಚಾರ್ಮಾಡಿ ಘಾಟಿ ಇಳಿಯುವಾಗ ಹಾಗಾದರೆ? ಎರಡು ಸದ್ದೂ ಕಿವಿಗೆ ಹೆಚ್ಚುಕಡಿಮೆ ಒಂದೇ ಥರ ಕೇಳುತ್ತವೆ ಅನ್ನುವುದೇ ತೊಂದರೆ.

ನನ್ನ ಪಿಕಪ್‌ಗೆ ಹದಿನೆಂಟು ವರ್ಷ. ನಾನು ಮೆಕ್ಯಾನಿಕ್ ಅಲ್ಲ. ಮನೆಯಂಗಳದಲ್ಲೇ ಮಾಡಿ ನೋಡಿ ಅನುಕೂಲ ಕಂಡ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ರಿಪೇರಿ ಮೆಕ್ಯಾನಿಕ್ಕೇ ಮಾಡಲಿ. ಪತ್ತೆ ಕೆಲಸದ ಮುಕ್ಕಾಲು ಪಾಲು ನಾವೇ ಮಾಡಬಹುದು.

‘ಎಲ್ಲಿ’ ಅಂತಲ್ಲ, ‘ಯಾವಾಗ’ ಅಂತ ಕೇಳಿ

ಸದ್ದು ಚಾಸಿಯ ಕಬ್ಬಿಣದಲ್ಲಿ ಸಾಗಿ ಬರುತ್ತದೆ. ಬಲಗಡೆಯದ್ದು ಎಡಗಡೆಯದ್ದರಂತೆ ಕೇಳುವುದೂ ಉಂಟು. ಹಾಗಾಗಿ ಕಿವಿ ತೋರಿಸಿದ ಜಾಗವನ್ನು ಪೂರ್ತಿ ನಂಬಬೇಡಿ. ಯಾವಾಗ ಬರುತ್ತದೆ ಅನ್ನುವುದನ್ನು ಎರಡು ದಿನ ಗಮನಿಸಿ, ಒಂದು ಚೀಟಿಯಲ್ಲಿ ಬರೆದಿಡಿ.

1. ನಿಧಾನ ಹೋಗುವಾಗ ಸಣ್ಣ ಹೊಂಡಕ್ಕೂ ‘ಲಟಕ್’: ಶಾಕ್ ಅಬ್ಸಾರ್ಬರಿನ ಮೇಲಿನ, ಕೆಳಗಿನ ರಬ್ಬರ್ ಬುಷ್, ಶ್ಯಾಕಲ್ ಬುಷ್, ಬಾಲ್ ಜಾಯಿಂಟ್.

2. ಬ್ರೇಕ್ ಒತ್ತಿದಾಗ ಒಂದು ಸಲ, ಮತ್ತೆ ಹೊರಡುವಾಗ ಇನ್ನೊಂದು ಸಲ: ಸಡಿಲವಾದ ಯು ಬೋಲ್ಟ್, ಪ್ಲೇಟಿನ ಬುಷ್, ಸಸ್ಪೆನ್ಷನ್ ಆರ್ಮಿನ ಬುಷ್, ಬ್ರೇಕ್ ಕ್ಯಾಲಿಪರ್.

3. ನಿಂತಲ್ಲೇ ಸ್ಟಿಯರಿಂಗ್ ತಿರುಗಿಸಿದಾಗ: ಟೈರಾಡ್ ಎಂಡ್, ಕಿಂಗ್ ಪಿನ್ ಅಥವಾ ಬಾಲ್ ಜಾಯಿಂಟ್, ಸ್ಟಿಯರಿಂಗ್ ಬಾಕ್ಸನ್ನು ಚಾಸಿಗೆ ಹಿಡಿದ ಬೋಲ್ಟ್.

4. ಕ್ಲಚ್ ಬಿಡುವಾಗ, ಗೇರ್ ಬದಲಿಸುವಾಗ: ಇದು ಸಸ್ಪೆನ್ಷನ್ನಿನದ್ದಲ್ಲ. ಎಂಜಿನ್ ಮೌಂಟಿಂಗ್ ರಬ್ಬರ್ ಅಥವಾ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ನೋಡಿ.

ಈ ಚೀಟಿ ಮೆಕ್ಯಾನಿಕ್ ಕೈಗೆ ಕೊಟ್ಟರೂ ಅವರ ಅರ್ಧ ಕೆಲಸ ಉಳಿಯುತ್ತದೆ.

ಮೊದಲು ಖರ್ಚಿಲ್ಲದ್ದು

ಮೊಟ್ಟಮೊದಲು ವೀಲ್ ನಟ್ಟುಗಳನ್ನು ಬಿಗಿಮಾಡಿ ನೋಡಿ. ಪಂಕ್ಚರ್ ಹಾಕಿಸಿದ ಮೇಲೆ ಸದ್ದು ಸುರುವಾದರೆ ಇದನ್ನೇ ಸಂಶಯಿಸಬೇಕು. ನಟ್ಟು ಸಡಿಲವಿದ್ದರೆ ಚಕ್ರವೇ ಕಳಚಿ ಹೋದೀತು. ಮತ್ತೆ ಸೀಟಿನಡಿಯ ಜಾಕಿ, ಸ್ಪ್ಯಾನರ್, ಬ್ಯಾಟರಿ ಕ್ಲ್ಯಾಂಪ್, ಬಾನೆಟ್ ಲಾಕ್, ಬಂಪರಿನ ಬೋಲ್ಟ್ ನೋಡಿ. ಸೀಟಿನಡಿ ಹೊರಳುವ ಜಾಕಿಯ ಸದ್ದಿಗೆ ಶಾಕ್ ಅಬ್ಸಾರ್ಬರ್ ಬದಲಿಸಿದರೆ ಏನು ಪ್ರಯೋಜನ?

ಗಾಡಿ ತೊಳೆಯುವ ಮುನ್ನ ಒಮ್ಮೆ ಟಾರ್ಚ್ ಹಿಡಿದು ಅಡಿಗೆ ನೋಡಿ. ಅಲುಗಾಡುವ ಬೋಲ್ಟಿನ ಸುತ್ತ ತುಕ್ಕಿನ ಕೆಂಪು ಪುಡಿ ಕೂತಿರುತ್ತದೆ. ಕಬ್ಬಿಣಕ್ಕೆ ಕಬ್ಬಿಣ ಉಜ್ಜಿದಲ್ಲಿ ಬೆಳ್ಳಿಯಂತೆ ಹೊಳೆಯುತ್ತದೆ. ಜಾಯಿಂಟಿನ ರಬ್ಬರ್ ಟೊಪ್ಪಿ ಹರಿದಿದ್ದರೆ ಗ್ರೀಸ್ ಹೊರಬಂದು ಮಣ್ಣು ಮೆತ್ತಿರುತ್ತದೆ. ತೊಳೆದರೆ ಈ ಸಾಕ್ಷಿಗಳೆಲ್ಲ ನೀರಿನಲ್ಲಿ ಹೋದವು. ನೋಡಿದ ನಂತರ ತೊಳೆಯಿರಿ. ಆಗ ಪ್ಲೇಟಿನ ಒಡಕು, ಚಾಸಿಯ ಬಿರುಕು ಕಣ್ಣಿಗೆ ಬೀಳುತ್ತದೆ.

ನೆಲದ ಮೇಲೆ, ಇಬ್ಬರು ಸೇರಿ

ಗಾಡಿ ಸಮ ನೆಲದಲ್ಲಿರಲಿ, ಹಿಂದಿನ ಚಕ್ರಕ್ಕೆ ಅಡೆ ಕೊಡಿ. ಒಬ್ಬರು ಕೂತು ಸ್ಟಿಯರಿಂಗನ್ನು ಎಡಕ್ಕೆ, ಬಲಕ್ಕೆ ಒಂದೊಂದು ಗೇಣು ಬೇಗ ಬೇಗ ಆಡಿಸಲಿ. ಪವರ್ ಸ್ಟಿಯರಿಂಗ್ ಇದ್ದರೆ ಎಂಜಿನ್ ಚಾಲೂ ಇರಲಿ, ಗೇರ್ ನ್ಯೂಟ್ರಲಿನಲ್ಲಿರಲಿ, ಫ್ಯಾನ್ ಬೆಲ್ಟಿನ ಹತ್ತಿರ ಕೈ ಬೇಡ. ಇನ್ನೊಬ್ಬರು ಪ್ರತಿ ಜಾಯಿಂಟಿನ ಮೇಲೆ ಬೆರಳಿಟ್ಟು ನೋಡುತ್ತಾ ಹೋಗಬೇಕು. ಸವೆದ ಜಾಯಿಂಟಿನಲ್ಲಿ ಒಂದು ಬದಿ ಅಲುಗಿ, ಒಂದು ಕ್ಷಣ ತಡೆದು ಇನ್ನೊಂದು ಬದಿ ಅಲುಗುತ್ತದೆ. ಕಣ್ಣಿಗೆ ಕಾಣದಿದ್ದರೂ ಬೆರಳಿಗೆ ‘ಟಕ್’ ಅಂತ ತಾಗುತ್ತದೆ.

ಜಾಕಿ ಕೊಟ್ಟು ನೋಡುವಾಗ

ಜಾಕಿ ಒಂದನ್ನೇ ನಂಬಿ ಗಾಡಿಯ ಅಡಿಗೆ ಹೋಗಬೇಡಿ. ಚಾಸಿಯಡಿಗೆ ಸ್ಟ್ಯಾಂಡ್ ಅಥವಾ ಅಗಲದ ಗಟ್ಟಿ ಮರದ ದಿಮ್ಮಿ ಇಡಿ. ನಮ್ಮಲ್ಲಿ ಕೈಗೆ ಸಿಗುವುದು ಕೆಂಪುಕಲ್ಲು. ಅದನ್ನು ಮಾತ್ರ ಇಡಬೇಡಿ, ಭಾರಕ್ಕೆ ತಟ್ಟನೆ ಒಡೆದೀತು.

ಚಕ್ರ ನೆಲ ಬಿಟ್ಟ ಮೇಲೆ ಮೇಲ್ತುದಿ, ಕೆಳತುದಿ ಹಿಡಿದು ಒಳಕ್ಕೆ ಹೊರಕ್ಕೆ ಅಲುಗಿಸಿ. ಆಟ ಇದ್ದರೆ ಇನ್ನೊಬ್ಬರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ. ಬ್ರೇಕ್ ಒತ್ತಿದಾಗ ಆಟ ನಿಂತರೆ ದೋಷ ವೀಲ್ ಬೇರಿಂಗಿನದ್ದು. ಒತ್ತಿದರೂ ಆಟ ಇದ್ದರೆ ಕಿಂಗ್ ಪಿನ್ ಅಥವಾ ಬಾಲ್ ಜಾಯಿಂಟ್. ಆಮೇಲೆ ಎಡತುದಿ, ಬಲತುದಿ ಹಿಡಿದು ಅಲುಗಿಸಿ. ಮೇಲೆ ಕೆಳಗೆ ಇಲ್ಲದ ಆಟ ಇಲ್ಲಿ ಕಂಡರೆ ಟೈರಾಡ್ ಕಡೆ ನೋಡಬೇಕು.

ಒಂದು ವಿಷಯ ನೆನಪಿರಲಿ. ಮುಂದೆ ಪ್ಲೇಟ್ ಸೆಟ್ಟಿನ ಬದಲು ಕಾಯಿಲ್ ಸ್ಪ್ರಿಂಗ್ ಇದ್ದು, ಅದು ಕೆಳಗಿನ ಆರ್ಮಿನ ಮೇಲೆ ಕೂತಿದ್ದರೆ ಜಾಕಿಯನ್ನು ಆ ಆರ್ಮಿನ ಅಡಿಗೇ, ಚಕ್ರದ ಹತ್ತಿರ ಕೊಡಬೇಕು. ಚಾಸಿಗೆ ಕೊಟ್ಟರೆ ಸ್ಪ್ರಿಂಗ್ ಆರ್ಮನ್ನು ಒತ್ತಿ ಹಿಡಿದಿರುತ್ತದೆ, ಸವೆದ ಬಾಲ್ ಜಾಯಿಂಟ್ ಕೂಡ ಗಟ್ಟಿ ಇದ್ದಂತೆ ತೋರುತ್ತದೆ.

ಪ್ಲೇಟ್ ಸೆಟ್ಟಿನ ಗಾಡಿಯಲ್ಲಿ

ಪ್ಲೇಟ್ ಭಾರಕ್ಕೆ ಚಪ್ಪಟೆಯಾದಾಗ ಉದ್ದವಾಗುತ್ತದೆ. ಅದಕ್ಕೆ ಜಾಗ ಕೊಡಲಿಕ್ಕೆ ಒಂದು ತುದಿಯಲ್ಲಿ ತೂಗುವ ಶ್ಯಾಕಲ್ ಇದೆ. ಹೊಂಡ ಬಂದಾಗಲೆಲ್ಲ ಅದು ಆಡುತ್ತಲೇ ಇರುವುದರಿಂದ ಬುಷ್ ಸವೆಯುತ್ತದೆ. ಸಣ್ಣ ಹಾರೆ ಹಾಕಿ ಪ್ಲೇಟಿನ ಕಿವಿಯನ್ನು ಮೀಟಿ ನೋಡಿ. ಲಟಕ್ಕೆಂದು ಜರಗಿದರೆ ಬುಷ್ ಮುಗಿದಿದೆ.

ನನ್ನ ಗಾಡಿಯಲ್ಲಿ ಆದದ್ದು ಇದೇ. ಸದ್ದು ಕೇಳುತ್ತಿದ್ದದ್ದು ಎಡಗಡೆ. ಗ್ಯಾರೇಜಿನಲ್ಲಿ “ಶಾಕ್ ಹೋಗಿದೆ, ಎರಡೂ ಬದಲಿಸುವ” ಅಂದರು. ಶಾಕಿನಲ್ಲಿ ಎಣ್ಣೆ ಸೋರಿರಲಿಲ್ಲ, ಗಾಡಿ ತೊಟ್ಟಿಲಿನಂತೆ ತೂಗುತ್ತಲೂ ಇರಲಿಲ್ಲ. “ಒಮ್ಮೆ ಹಾರೆ ಹಾಕಿ ನೋಡುವ” ಅಂದೆ. ಬಲಗಡೆಯ ಶ್ಯಾಕಲ್ ಬುಷ್ ಪೂರಾ ಮುಗಿದಿತ್ತು. ಬುಷ್ ಹಾಕಿದ ಮೇಲೆ ಸದ್ದು ನಿಂತಿತು, ಎರಡು ಶಾಕಿನ ಹಣ ಉಳಿಯಿತು.

ಯು ಬೋಲ್ಟ್ ಸಡಿಲವಾದರೆ ಮಾತ್ರ ತಡಮಾಡಬೇಡಿ. ಆಕ್ಸಲನ್ನು ಪ್ಲೇಟಿಗೆ ಬಿಗಿಯುವುದೇ ಅದು. ಅದು ಸಡಿಲವಾದಾಗ ಹೊಡೆತವೆಲ್ಲ ನಡುವಿನ ಸೆಂಟರ್ ಬೋಲ್ಟಿಗೆ ಬೀಳುತ್ತದೆ. ಅದು ತುಂಡಾದರೆ ಆಕ್ಸಲ್ ಹಿಂದಕ್ಕೆ ಜರಗಿ ಗಾಡಿ ಒಂದು ಬದಿಗೆ ಎಳೆಯುತ್ತದೆ. ಸಂಶಯವಿದ್ದರೆ ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ ಎರಡೂ ಬದಿ ಟೇಪ್ ಹಿಡಿದು ಅಳೆಯಿರಿ. ಸ್ಟಿಯರಿಂಗ್ ನೇರ ಇರಬೇಕು. ಎರಡು ಬದಿಯ ಅಳತೆಯಲ್ಲಿ ಎದ್ದು ಕಾಣುವ ವ್ಯತ್ಯಾಸ ಇದ್ದರೆ ಲೋಡು ಹಾಕದೆ ನಿಧಾನಕ್ಕೆ ನೇರ ಗ್ಯಾರೇಜಿಗೆ ಹೋಗಿ. ಪ್ಲೇಟ್ ಕೆಲಸ ಮಾಡಿಸಿದರೆ ಕೆಲವು ಲೋಡು ಹೊತ್ತ ನಂತರ ಯು ಬೋಲ್ಟನ್ನು ಇನ್ನೊಮ್ಮೆ ಬಿಗಿಸಲೇಬೇಕು.

ಬದಲಿಸುವಾಗ ನಿಂತು ನೋಡಿ

ರಬ್ಬರ್ ಬುಷ್ ಹಾಕಿದ ಬೋಲ್ಟನ್ನು ಚಕ್ರ ನೇತಾಡುತ್ತಿರುವಾಗ ಪೂರ್ತಿ ಬಿಗಿಯಬಾರದು. ಗಾಡಿ ಕೆಳಗಿಳಿದು ಭಾರ ಚಕ್ರದ ಮೇಲೆ ಕೂತ ನಂತರ ಬಿಗಿಯಬೇಕು. ಇಲ್ಲವಾದರೆ ರಬ್ಬರ್ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಟೈರಾಡ್ ಎಂಡಿನ ನಟ್ಟಿಗೆ ಹೊಸ ಸ್ಪ್ಲಿಟ್ ಪಿನ್ನೇ ಇರಲಿ. ತೂತು ಸರಿಹೊಂದದಿದ್ದರೆ ನಟ್ಟನ್ನು ಸಡಿಲಿಸಬಾರದು, ಮುಂದಿನ ತೂತಿಗೆ ಬಿಗಿಯಬೇಕು. ಟೈರಾಡ್ ಎಂಡ್ ಬದಲಿಸಿದ ಮೇಲೆ ಅಲೈನ್‌ಮೆಂಟ್ ಮಾಡಿಸಿ, ಇಲ್ಲದಿದ್ದರೆ ಟಯರ್ ಒಂದು ಬದಿ ಸವೆಯುತ್ತದೆ.

ಯಾವುದು ಕಾದೀತು, ಯಾವುದು ಕಾಯದು?

ಶಾಕಿನ ರಬ್ಬರ್, ಎಂಜಿನ್ ಮೌಂಟಿಂಗ್ ರಬ್ಬರ್ ಸವೆದಿದ್ದರೆ ಕೊಯ್ಲಿನ ಗಡಿಬಿಡಿ ಮುಗಿಯುವವರೆಗೆ ಜಾಗ್ರತೆಯಿಂದ ಓಡಿಸಬಹುದು. ಶ್ಯಾಕಲ್ ಬುಷ್‌ಗೆ ಹೆಚ್ಚು ದಿನ ಕೊಡಬೇಡಿ. ವೀಲ್ ನಟ್, ಟೈರಾಡ್ ಎಂಡ್, ಬಾಲ್ ಜಾಯಿಂಟ್, ಕಿಂಗ್ ಪಿನ್, ವೀಲ್ ಬೇರಿಂಗ್, ಯು ಬೋಲ್ಟ್, ಬ್ರೇಕಿನ ಭಾಗ, ಸ್ಟಿಯರಿಂಗ್ ಬಾಕ್ಸಿನ ಬೋಲ್ಟ್: ಇವುಗಳಲ್ಲಿ ಯಾವುದು ಅಲುಗಿದರೂ ಸರಿಮಾಡಿಸದೆ ಲೋಡು ಹಾಕಬೇಡಿ, ಜನ ಹತ್ತಿಸಬೇಡಿ.

ಗ್ರೀಸ್ ನಿಪ್ಪಲ್ ಇರುವ ಗಾಡಿಗೆ ಮಳೆಗಾಲದ ಮೊದಲೊಮ್ಮೆ, ನಡುವೆ ಒಮ್ಮೆ, ಮುಗಿದ ಮೇಲೊಮ್ಮೆ ಹಳೆ ಗ್ರೀಸ್ ಹೊರಬರುವವರೆಗೆ ಹೊಸತು ತುಂಬಿಸಿ. ತೋಡು ದಾಟುವ ಗಾಡಿಗೆ ಇದು ಇನ್ನೂ ಮುಖ್ಯ. ನಿಪ್ಪಲ್ ಮಣ್ಣು ಕಟ್ಟಿ ಗ್ರೀಸ್ ಇಳಿಯದಿದ್ದರೆ ನಿಪ್ಪಲನ್ನೇ ಬದಲಿಸಿ, ಅದಕ್ಕೆ ದೊಡ್ಡ ಖರ್ಚಿಲ್ಲ.