ರೋವರ್ಸ್ ಕಪ್ ಎತ್ತಿದ ‘ಬೆಂಗಳೂರು ಮುಸ್ಲಿಮ್ಸ್’ ಎಲ್ಲಿ ಹೋಯಿತು?

ಮೆಸ್ಸಿ ಯಾವ ಕ್ಲಬ್‌ನಿಂದ ಯಾವ ಕ್ಲಬ್‌ಗೆ ಹೋದ, ಸೌದಿಯ ಅಲ್ ನಸ್ರ್‌ಗೆ ರೊನಾಲ್ಡೊ ಯಾವಾಗ ಬಂದ ಎಂದು ನಮ್ಮ ಮನೆಯ ಹುಡುಗರನ್ನು ಕೇಳಿ. ನಿದ್ದೆಯಲ್ಲೂ ಹೇಳುತ್ತಾರೆ. ‘ಬೆಂಗಳೂರು ಮುಸ್ಲಿಮ್ಸ್’ ಅಂದರೆ ಯಾರು ಅಂತ ಕೇಳಿ ನೋಡಿ. ಹುಡುಗರು ಬಿಡಿ, ಅವರ ಅಪ್ಪಂದಿರೂ ತಲೆ ಕೆರೆದುಕೊಳ್ಳುತ್ತಾರೆ.

ಆದರೆ ಒಂದು ಕಾಲದಲ್ಲಿ ಬೊಂಬಾಯಿಯಿಂದ ಕಲ್ಕತ್ತಾವರೆಗೆ ಫುಟ್ಬಾಲ್ ಗೊತ್ತಿದ್ದವರಿಗೆಲ್ಲ ಈ ಹೆಸರು ಗೊತ್ತಿತ್ತು. 1937ರಲ್ಲಿ ರೋವರ್ಸ್ ಕಪ್ ಗೆದ್ದ ಮೊದಲ ಭಾರತೀಯ ತಂಡ ಇದು. ನಮ್ಮ ರಾಜ್ಯದ್ದೇ ತಂಡ. ಅದು ಹೇಗೆ ಏರಿತು, ಹೇಗೆ ಇಳಿಯಿತು ಎಂಬ ಕತೆಯಲ್ಲಿ ಇವತ್ತು ಊರೂರಲ್ಲಿ ಸ್ಪೋರ್ಟ್ಸ್ ಕ್ಲಬ್ ಕಟ್ಟುವ ನಮ್ಮ ಯುವಕರಿಗೆ ಕಲಿಯಲಿಕ್ಕೆ ಬಹಳ ಉಂಟು.

ದಂಡಿನ ಬೀದಿಯ ಆಟ

ಆಗಿನ ಬೆಂಗಳೂರು ಅಂದರೆ ಎರಡು ಊರು. ಪೇಟೆಯ ಕಡೆ ಮೈಸೂರು ಮಹಾರಾಜರ ಆಡಳಿತ. ಹಲಸೂರು, ಶಿವಾಜಿನಗರದ ಕಡೆಯ ದಂಡು ಪ್ರದೇಶ ಬ್ರಿಟಿಷರ ಕೈಯಲ್ಲಿ. 1809ರಲ್ಲಿ ಶುರುವಾದ ಈ ದಂಡಿನಲ್ಲಿ ಗೋರಾ ಸೈನಿಕರು ಸಂಜೆ ಹೊತ್ತು ಫುಟ್ಬಾಲ್ ಆಡುತ್ತಿದ್ದರು. ಸುತ್ತಲಿನ ಓಣಿಗಳ ಹುಡುಗರು, ಮುಸಲ್ಮಾನರು, ತಮಿಳರು, ಕ್ರೈಸ್ತರು ಎಲ್ಲರೂ ಗೆರೆಯಾಚೆ ನಿಂತು ನೋಡಿ ಕಲಿತರು. ಬೂಟು ಎಲ್ಲಿಂದ ಬರಬೇಕು? ಬರಿಗಾಲಲ್ಲೇ ಆಟ.

ಕರ್ನಾಟಕದಲ್ಲಿ ಫುಟ್ಬಾಲ್ ಎಲ್ಲಿ ಬೇರು ಬಿಟ್ಟಿತು, ಎಲ್ಲಿ ಬಿಡಲಿಲ್ಲ ಎಂಬುದಕ್ಕೆ ಉತ್ತರ ಇಲ್ಲೇ ಇದೆ. ಬೆಂಗಳೂರಲ್ಲಿ ದಂಡು ಇತ್ತು, ಬೆಳಗಾವಿಯಲ್ಲಿ ದಂಡು ಇತ್ತು, ಎರಡೂ ಕಡೆ ಆಟ ಹಬ್ಬಿತು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆ ಹೋದರೆ ಕತೆ ಬೇರೆ. ಜಮಖಂಡಿ ಪಟವರ್ಧನರ ಸಂಸ್ಥಾನ, ಮುಧೋಳ ಘೋರ್ಪಡೆಯವರ ಸಂಸ್ಥಾನ. ಅಲ್ಲಿ ಗೋರಾ ಪಲ್ಟನ್ನಿನ ಮೈದಾನ ಇರಲಿಲ್ಲ, ಗರಡಿಮನೆ ಇತ್ತು. ಆ ಸೀಮೆಯ ಜಾತ್ರೆ ಅಂದರೆ ಇವತ್ತಿಗೂ ಕುಸ್ತಿ, ಪೈಲ್ವಾನ, ವಸ್ತಾದ. ಅಂದ ಹಾಗೆ, ಆ ‘ವಸ್ತಾದ’ ನಮ್ಮ ‘ಉಸ್ತಾದ್’ ಎಂಬ ಶಬ್ದವೇ. ಈ ಗರಡಿಮನೆಯನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಹನ್ನೊಂದು ವರ್ಷ, ನಾಲ್ಕು ಫೈನಲ್

ಆ ಕಾಲದಲ್ಲಿ ದೇಶಮಟ್ಟದ ಲೀಗ್ ಅಂತ ಒಂದು ಇರಲೇ ಇಲ್ಲ. ರಾಷ್ಟ್ರೀಯ ಲೀಗ್ ಶುರುವಾದದ್ದು 1996ರಲ್ಲಿ. ಅದಕ್ಕೂ ಮೊದಲು ಊರಿನ ಲೀಗ್ ಬಿಟ್ಟರೆ ಕಪ್ ಟೂರ್ನಮೆಂಟುಗಳೇ ಎಲ್ಲ. ಕಲ್ಕತ್ತಾದಲ್ಲಿ ಐಎಫ್‌ಎ ಶೀಲ್ಡ್, ಸಿಮ್ಲಾದಲ್ಲಿ ಡ್ಯುರಾಂಡ್, ಬೊಂಬಾಯಿಯಲ್ಲಿ ರೋವರ್ಸ್. ಈ ಮೂರರಲ್ಲಿ ಒಂದು ಗೆದ್ದರೆ ದೇಶಕ್ಕೇ ಹೆಸರು.

ರೋವರ್ಸ್ ಕಪ್ 1891ರಲ್ಲಿ ಶುರುವಾಯಿತು. ನಾಲ್ಕು ದಶಕಕ್ಕೂ ಹೆಚ್ಚು ಕಾಲ ಕಪ್ ಬ್ರಿಟಿಷ್ ಪಲ್ಟನ್ನುಗಳ ಕೈ ಬಿಟ್ಟು ಕದಲಲಿಲ್ಲ. 1911ರಲ್ಲಿ ಐಎಫ್‌ಎ ಶೀಲ್ಡ್ ಗೆದ್ದಿದ್ದ ಮೋಹನ್ ಬಗಾನ್ 1923ರಲ್ಲಿ ಇಲ್ಲಿ ಫೈನಲ್ ತನಕ ಬಂದು ಸೋತು ಹೋಯಿತು. ಕೊನೆಗೆ 1937ರಲ್ಲಿ ಆ ಸಾಲು ಮುರಿಯಿತು. ಮುರಿದದ್ದು ಕಲ್ಕತ್ತಾದವರಲ್ಲ, ಬೆಂಗಳೂರಿನವರು.

ಆ ಫೈನಲ್‌ನಲ್ಲಿ ಎದುರಾಳಿ ಯಾರು ಗೊತ್ತುಂಟಾ? ಕಲ್ಕತ್ತಾದ ಮೊಹಮ್ಮದನ್ ಸ್ಪೋರ್ಟಿಂಗ್. 1934ರಿಂದ 1938ರವರೆಗೆ ಸತತ ಐದು ವರ್ಷ ಕಲ್ಕತ್ತಾ ಲೀಗ್ ಗೆದ್ದು, ಇಡೀ ದೇಶದ ಮುಸಲ್ಮಾನರ ಮಾತಲ್ಲೆಲ್ಲ ಇದ್ದ ತಂಡ ಅದು. ಅಂಥ ತಂಡವನ್ನು ಬೆಂಗಳೂರಿನವರು 1-0 ಗೋಲಿನಿಂದ ಸೋಲಿಸಿದರು. ಮರುವರ್ಷ 1938ರಲ್ಲೂ ಕಪ್ ಬೆಂಗಳೂರಿಗೇ ಬಂತು. 1940ರಲ್ಲಿ ಮತ್ತೆ ಅದೇ ಎರಡು ತಂಡ ಫೈನಲ್‌ನಲ್ಲಿ ಎದುರಾದವು. ಈ ಬಾರಿ ಮೊಹಮ್ಮದನ್ ಸ್ಪೋರ್ಟಿಂಗ್ ಲೆಕ್ಕ ಚುಕ್ತಾ ಮಾಡಿತು. ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲಿ, ಬೆಂಗಳೂರು ಮುಸ್ಲಿಮ್ಸ್ ಮೋಹನ್ ಬಗಾನನ್ನು 1-0 ಅಂತರದಿಂದ ಸೋಲಿಸಿ ಮೂರನೇ ಸಲ ರೋವರ್ಸ್ ಎತ್ತಿತು. ಹನ್ನೊಂದು ವರ್ಷದಲ್ಲಿ ನಾಲ್ಕು ಫೈನಲ್, ಮೂರು ಕಪ್!

ಹೆಸರಿನ ಬಗ್ಗೆ ಒಂದು ಮಾತು. ಸಮುದಾಯದ ಹೆಸರಲ್ಲಿ ತಂಡ ಕಟ್ಟುವುದು ಆ ಕಾಲದ ರಿವಾಜು. ಬೊಂಬಾಯಿಯ ಕ್ರಿಕೆಟ್‌ನಲ್ಲಿ ಹಿಂದೂಗಳು, ಪಾರ್ಸಿಗಳು, ಮುಸ್ಲಿಮರು ಎಂದು ಬೇರೆ ಬೇರೆ ತಂಡಗಳೇ ಆಡುತ್ತಿದ್ದವು. ಅದರ ಮೇಲೆ ಟೀಕೆಯೂ ಇತ್ತು, 1946ರ ನಂತರ ಅದು ನಿಂತೂ ಹೋಯಿತು. ಆದರೆ ರಾಜ್ಯದ ತಂಡ ಕಟ್ಟುವಾಗ ಎಲ್ಲ ಓಣಿಯ ಹುಡುಗರೂ ಒಟ್ಟಿಗೆ ಆಡಿದರು. 1946-47ರಲ್ಲಿ ಮೈಸೂರು ತಂಡ ಬಂಗಾಳವನ್ನು ಸೋಲಿಸಿ ಮೊದಲ ಬಾರಿ ಸಂತೋಷ್ ಟ್ರೋಫಿ ಗೆದ್ದಿತು. 1948ರ ಲಂಡನ್ ಒಲಿಂಪಿಕ್ಸ್‌ಗೆ ಹೋದ ಭಾರತ ತಂಡದಲ್ಲಿ ಅಹ್ಮದ್ ಖಾನ್, ರಾಮನ್, ವಜ್ರವೇಲು, ಧನರಾಜ್ ಇದ್ದರು, ನಾಲ್ವರೂ ಬೆಂಗಳೂರಿನ ಮಣ್ಣಲ್ಲಿ ಬೆಳೆದವರು. ಅಲ್ಲಿ ಫ್ರಾನ್ಸ್ ವಿರುದ್ಧ ಹೆಚ್ಚಿನವರು ಬರಿಗಾಲಲ್ಲೇ ಆಡಿ 1-2ರಿಂದ ಸೋತ ಪಂದ್ಯದಲ್ಲಿ ಭಾರತದ ಏಕೈಕ ಗೋಲು ಹೊಡೆದದ್ದು ರಾಮನ್.

ಒಂದೇ ವರ್ಷದಲ್ಲಿ ಏನಾಯಿತು?

1948ರಲ್ಲಿ ರೋವರ್ಸ್ ಬೆಂಗಳೂರು ಮುಸ್ಲಿಮ್ಸ್‌ಗೆ. 1949ರಲ್ಲಿ ಈಸ್ಟ್ ಬೆಂಗಾಲ್‌ಗೆ. ಆ ಈಸ್ಟ್ ಬೆಂಗಾಲ್ ತಂಡದಲ್ಲಿ ಇದ್ದದ್ದು ಯಾರು? ಬೆಂಗಳೂರು ಮುಸ್ಲಿಮ್ಸ್ ಪರ ಆಡಿದ್ದ ಇದೇ ಅಹ್ಮದ್ ಖಾನ್, ಜೊತೆಗೆ ಇದೇ ಧನರಾಜ್! ಇಡೀ ಕತೆ ಈ ಎರಡು ಸಾಲಲ್ಲಿ ಬಂತು.

ಅಪ್ಪಾರಾವ್, ವೆಂಕಟೇಶ್, ಸಾಲೆ ಜೊತೆ ಇವರಿಬ್ಬರೂ ಸೇರಿ ಕಲ್ಕತ್ತಾದಲ್ಲಿ ‘ಪಂಚ ಪಾಂಡವರು’ ಎಂದೇ ಹೆಸರಾದರು. 1949ರಿಂದ ಸತತ ಮೂರು ವರ್ಷ ಐಎಫ್‌ಎ ಶೀಲ್ಡ್ ಈಸ್ಟ್ ಬೆಂಗಾಲ್ ಪಾಲಾಯಿತು. ಅಹ್ಮದ್ ಖಾನ್ 1951ರ ದಿಲ್ಲಿ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದರು, 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲೂ ಆಡಿದರು. 2017ರಲ್ಲಿ ಅವರು ತೀರಿಕೊಂಡಾಗ ನಮ್ಮಲ್ಲಿ ಎಷ್ಟು ಮಂದಿಗೆ ಸುದ್ದಿ ತಿಳಿಯಿತು?

ಅವರು ಹೋದದ್ದು ತಪ್ಪಾ? ಖಂಡಿತ ಅಲ್ಲ ಮಾರಾಯ್ರೆ. ಮನೆ ನಡೆಯಬೇಕಲ್ಲ. ಕಲ್ಕತ್ತಾದ ದೊಡ್ಡ ಕ್ಲಬ್‌ಗಳಲ್ಲಿ ದುಡ್ಡಿತ್ತು, ಜನ ಇತ್ತು, ಹೆಸರಿತ್ತು. 1950ರಿಂದ 1954ರವರೆಗೆ ಐದು ವರ್ಷ ರೋವರ್ಸ್ ಗೆದ್ದ ಹೈದರಾಬಾದ್ ಸಿಟಿ ಪೊಲೀಸ್ ತಂಡವನ್ನು ನೋಡಿ. ಎಸ್.ಎ. ರಹೀಮರಂಥ ಕೋಚ್ ಒಂದು ಕಡೆ, ಆಟಗಾರನಿಗೆ ಇಲಾಖೆಯ ಸಂಬಳ ಇನ್ನೊಂದು ಕಡೆ. ಬೆಂಗಳೂರಿನಲ್ಲೂ ಅದೇ ಗಾಳಿ ಬೀಸಿತು. 1940ರಲ್ಲಿ ಎಚ್‌ಎಎಲ್, 1948ರಲ್ಲಿ ಐಟಿಐ, 1954ರಲ್ಲಿ ಬಿಇಎಲ್, 1964ರಲ್ಲಿ ಬಿಇಎಂಎಲ್ ಬಂದವು. ಚೆನ್ನಾಗಿ ಆಡುವ ಹುಡುಗನಿಗೆ ಕಾರ್ಖಾನೆಯಲ್ಲಿ ಕಾಯಂ ನೌಕರಿ, ಪಿಂಚಣಿ. ಓಣಿಯ ಕ್ಲಬ್ ಇದಕ್ಕೆ ಎದುರಾಗಿ ಏನು ಕೊಡಲಿಕ್ಕೆ ಸಾಧ್ಯ? ಅಭಿಮಾನ ಕೊಡಬಹುದು, ಚಹಾ ಕೊಡಬಹುದು. ಅದರಲ್ಲಿ ಮನೆ ನಡೆಯುವುದಿಲ್ಲ.

ಹಾಗಾಗಿ ಬೆಂಗಳೂರಿನ ಫುಟ್ಬಾಲ್ ಸಾಯಲಿಲ್ಲ, ಓಣಿಯಿಂದ ಕಾರ್ಖಾನೆಯ ಗೇಟಿನೊಳಗೆ ಹೋಯಿತು. 1977ರಲ್ಲಿ ಮೊದಲ ಫೆಡರೇಶನ್ ಕಪ್ ಗೆದ್ದದ್ದು ಇದೇ ಐಟಿಐ, ಅದೂ ಮೋಹನ್ ಬಗಾನನ್ನು ಸೋಲಿಸಿ. ಬೆಂಗಳೂರು ಮುಸ್ಲಿಮ್ಸ್ ಹೆಸರು ಮಾತ್ರ ದೇಶದ ದೊಡ್ಡ ಕಪ್‌ಗಳ ಪಟ್ಟಿಯಿಂದ ಮಾಯವಾಯಿತು.

ಕಾರ್ಖಾನೆಯೂ ಶಾಶ್ವತ ಅಲ್ಲ

ಇನ್ನೊಂದು ತಿರುವು ನೋಡಿ. ಮನೆಮನೆಗೆ ಟೆಲಿಫೋನ್ ಮಾಡಿ ಕೊಡುತ್ತಿದ್ದ ಐಟಿಐಗೆ ಮೊಬೈಲ್ ಬಂದ ಮೇಲೆ ಕೆಲಸವೇ ಕಡಿಮೆ. ನೌಕರಿ ಇಲ್ಲ ಅಂದರೆ ಆಟಗಾರನೂ ಇಲ್ಲ. ಓಣಿಯ ಕ್ಲಬ್ಬನ್ನು ನುಂಗಿದ ಕಾರ್ಖಾನೆಯ ತಂಡವೂ ಸೊರಗಿತು. 2013ರಲ್ಲಿ ಜೆಎಸ್‌ಡಬ್ಲ್ಯು ಕಂಪೆನಿಯ ದುಡ್ಡಲ್ಲಿ ಬೆಂಗಳೂರು ಎಫ್‌ಸಿ ಹುಟ್ಟಿತು. ಮೊದಲ ವರ್ಷವೇ ಐ-ಲೀಗ್ ಗೆದ್ದಿತು, 2018-19ರಲ್ಲಿ ಐಎಸ್‌ಎಲ್ ಗೆದ್ದಿತು. ಒಳ್ಳೆಯದೇ. ಆದರೆ ರಾಜ್ಯದ ತಂಡಕ್ಕೆ 1968-69ರ ನಂತರ ಸಂತೋಷ್ ಟ್ರೋಫಿ ಸಿಗಲಿಕ್ಕೆ 54 ವರ್ಷ ಬೇಕಾಯಿತು. ಸಿಕ್ಕಿದ್ದೂ ಎಲ್ಲಿ? 2023ರ ಮಾರ್ಚ್‌ನಲ್ಲಿ, ಸೌದಿಯ ರಿಯಾದ್‌ನಲ್ಲಿ! ಮೇಘಾಲಯವನ್ನು 3-2ರಿಂದ ಸೋಲಿಸಿದ ಆ ಫೈನಲ್ ನಡೆದದ್ದು ನಮ್ಮ ಎಷ್ಟೋ ಮನೆಯವರು ದುಡಿಯುವ ಊರಲ್ಲಿ.

ನಮ್ಮ ಕ್ಲಬ್‌ಗಳಿಗೆ ಇದರಲ್ಲಿ ಏನುಂಟು?

ಬೆಂಗರೆಯ ಮರಳಲ್ಲಿ, ಉಳ್ಳಾಲದಲ್ಲಿ, ಮಂಗಳೂರಿನ ನೆಹರೂ ಮೈದಾನದಲ್ಲಿ ಇವತ್ತೂ ನಮ್ಮ ಹುಡುಗರು ಚೆಂಡು ಒದೆಯುತ್ತಾರೆ. ಕಾಸರಗೋಡು ಕಡೆಯ ಸೆವೆನ್ಸ್ ಗಾಳಿಯೂ ಜೋರು. ಐದಾರು ಗೆಳೆಯರು ಸೇರಿ ಕ್ಲಬ್ ಶುರು ಮಾಡುತ್ತಾರೆ. ಜೆರ್ಸಿ ಬರುತ್ತದೆ, ಬ್ಯಾನರ್ ಬರುತ್ತದೆ, ಹೊನಲು ಬೆಳಕಿನ ಟೂರ್ನಮೆಂಟ್ ಆಗುತ್ತದೆ. ಮೂರು ವರ್ಷ ಕಳೆದ ಮೇಲೆ ಇಬ್ಬರು ದುಬೈಗೆ, ಒಬ್ಬ ದಮಾಮ್‌ಗೆ. ಒಬ್ಬನಿಗೆ ಮದುವೆ. ಕ್ಲಬ್ ಎಲ್ಲಿ? ವಾಟ್ಸ್ಯಾಪ್ ಗ್ರೂಪಲ್ಲಿ. 1949ರಲ್ಲಿ ಆಟಗಾರರನ್ನು ಕರೆದದ್ದು ಕಲ್ಕತ್ತಾ, ಈಗ ಕರೆಯುವುದು ಗಲ್ಫ್. ಅಷ್ಟೇ ವ್ಯತ್ಯಾಸ.

ಈಗ ಆ ಗರಡಿಮನೆಗೆ ಬನ್ನಿ. 1948ರಲ್ಲಿ ಜಮಖಂಡಿ, ಮುಧೋಳ ಸಂಸ್ಥಾನಗಳು ಬೊಂಬಾಯಿ ಪ್ರಾಂತದಲ್ಲಿ ವಿಲೀನವಾದವು. ರಾಜಾಶ್ರಯ ಹೋಯಿತು, ಕುಸ್ತಿ ಹೋಗಲಿಲ್ಲ. ಯಾಕೆ? ಗರಡಿಮನೆ ಒಬ್ಬ ಪೈಲ್ವಾನನದ್ದಲ್ಲ, ಊರಿನದ್ದು. ಅಲ್ಲಿ ಒಂದು ಜಾಗ ಉಂಟು, ಕೆಮ್ಮಣ್ಣಿನ ಅಖಾಡ ಉಂಟು. ದೊಡ್ಡ ಪೈಲ್ವಾನ ಊರು ಬಿಟ್ಟರೂ ವಸ್ತಾದ ಬೆಳಗ್ಗೆ ಚಿಕ್ಕ ಹುಡುಗರಿಗೆ ಸಾಮು ಮಾಡಿಸುತ್ತಾನೆ. ಜಾತ್ರೆ ವರ್ಷವರ್ಷ ಬರುತ್ತದೆ.

ಕ್ಲಬ್ ಉಳಿಯಬೇಕಾದರೆ ಇಷ್ಟು ಬೇಕು. ಆಡಲಿಕ್ಕೆ ಕಾಯಂ ಜಾಗ, ಅದು ಶಾಲೆಯ ಮೈದಾನವಾದರೂ ಸರಿ, ಪಂಚಾಯತ್ ಜಾಗವಾದರೂ ಸರಿ, ಆದರೆ ಮಾತು ಕಾಗದದಲ್ಲಿ ಇರಲಿ. ಏಳು ಮಂದಿ ಸೇರಿದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಕ್ಲಬ್ಬನ್ನು ನೋಂದಾಯಿಸಬಹುದು. ವರ್ಷವರ್ಷ ಸಭೆ, ಲೆಕ್ಕಪತ್ರ, ಸಮಿತಿಯ ಪಟ್ಟಿ ಸಲ್ಲಿಸುವುದು ತಲೆನೋವಲ್ಲ, ಅದೇ ಕ್ಲಬ್‌ನ ಬೆನ್ನೆಲುಬು. ಮೂರನೆಯದು ಹತ್ತು-ಹನ್ನೆರಡು ವರ್ಷದ ಮಕ್ಕಳ ತಂಡ. ದೊಡ್ಡವರು ವಿಮಾನ ಹತ್ತಿದಾಗ ಮೈದಾನಕ್ಕೆ ಇಳಿಯುವವರು ಅವರೇ. ಗಲ್ಫ್‌ನಿಂದ ದುಡ್ಡು ಕಳಿಸುವ ಅಣ್ಣಂದಿರು ಒಂದು ರಾತ್ರಿಯ ಟ್ರೋಫಿಗೆ ಕೊಡುವುದರಲ್ಲಿ ಅರ್ಧವನ್ನು ಮಕ್ಕಳ ಕೋಚ್‌ಗೆ ಕೊಟ್ಟರೆ ಸಾಕು.

ಬೆಂಗಳೂರು ಮುಸ್ಲಿಮ್ಸ್‌ಗೆ ಆಟಗಾರರ ಬರ ಇರಲಿಲ್ಲ, ದೇಶದ ಅತ್ಯುತ್ತಮರೇ ಅಲ್ಲಿದ್ದರು. ಅವರು ಹೋದ ಮೇಲೂ ಅದೇ ಎತ್ತರದಲ್ಲಿ ನಿಲ್ಲಿಸುವ ಬಲ ಓಣಿಗೆ ಇರಲಿಲ್ಲ. ರೋವರ್ಸ್ ಕಪ್ ಕೂಡ 2000ರ ಹೊತ್ತಿಗೆ ನಿಂತು ಹೋಗಿದೆ. ಗೆದ್ದವರ ಪಟ್ಟಿಯಲ್ಲಿ ಮಾತ್ರ 1937, 1938, 1948ರ ಎದುರಿಗೆ ಆ ಹೆಸರು ಹಾಗೇ ಇದೆ. ಇವತ್ತು ಸಂಜೆ ಮನೆಯ ಹುಡುಗರು ಆಟ ಮುಗಿಸಿ ಬಂದಾಗ ಹೇಳಿ ಕೊಡಿ.