ಕ್ಷಮೆಯಾದ ಮೇಲೂ ಪ್ರಾಯಶ್ಚಿತ್ತವೇಕೆ?



ಪಾಸ್ಖ ಕಾಲದ ಎರಡನೆಯ ಭಾನುವಾರವನ್ನು ನಾವು ದೈವಕರುಣೆಯ ಭಾನುವಾರವೆಂದು ಆಚರಿಸುತ್ತೇವೆ. 2000ದ ಏಪ್ರಿಲ್ 30ರಂದು ಸಿಸ್ಟರ್ ಫೌಸ್ತಿನಾರವರನ್ನು ಸಂತರ ಸಾಲಿಗೆ ಸೇರಿಸಿದ ಜಗದ್ಗುರು ಎರಡನೆಯ ಜಾನ್ ಪೌಲರು ಅಂದೇ ಈ ಹೆಸರನ್ನು ಸಾರಿದರು. ಆ ದಿನದ ಶುಭಸಂದೇಶದಲ್ಲಿ, ಬಾಗಿಲು ಮುಚ್ಚಿ ಹೆದರಿ ಕುಳಿತ ಶಿಷ್ಯರ ನಡುವೆ ಯೇಸುಸ್ವಾಮಿ ಬಂದು ನಿಲ್ಲುತ್ತಾರೆ. ತಮ್ಮನ್ನು ಬಿಟ್ಟು ಓಡಿದವರನ್ನು ಬೈಯುವುದಿಲ್ಲ. ಮೊದಲು ಶಾಂತಿಯನ್ನು ಕೊಡುತ್ತಾರೆ, ಬಳಿಕ ಪಾಪಗಳನ್ನು ಕ್ಷಮಿಸುವ ಅಧಿಕಾರವನ್ನು ಕೊಡುತ್ತಾರೆ.

ವರಪ್ರಸಾದವೆಂದರೇನು? ಕಾಮಸಮುದ್ರ, ಬಂಗಾರಪೇಟೆ ಕಡೆಯ ನಮಗೆ ಕೋಲಾರದ ಚಿನ್ನದ ಗಣಿಯ ಹೋಲಿಕೆಯೇ ಸಾಕು. ಚಾಂಪಿಯನ್ ರೀಫ್ ಗಣಿಯ ಆಳ ಮೂರು ಕಿಲೋಮೀಟರಿಗೂ ಹೆಚ್ಚು. ಅಷ್ಟು ಕೆಳಗಿನಿಂದ ಸ್ವಂತ ಕಾಲ ಬಲದಿಂದ ಯಾರು ತಾನೇ ಹತ್ತಿ ಬಂದಾರು? ಮೇಲಿನಿಂದ ಕೇಜ್ ಇಳಿಯಬೇಕು. ಮನುಷ್ಯ ತನ್ನ ಶಕ್ತಿಯಿಂದಲೇ ನೀತಿವಂತನಾಗಬಲ್ಲನೆಂಬ ಪೆಲಾಜಿಯಸನ ಬೋಧನೆಯನ್ನು ಸಂತ ಅಗುಸ್ತೀನರು ಎದುರಿಸಿದರು. 418ರ ಕಾರ್ತೇಜ್ ಸಭೆ ಅದನ್ನು ಖಂಡಿಸಿತು. ಹಾಗಾದರೆ ಕೇಜಿನೊಳಗೆ ಕಾಲಿಡುವವರು ನಾವೇ ತಾನೇ? ಹೌದು. ಆದರೆ ಕಾಲಿಡುವ ಮನಸ್ಸನ್ನು ಎಬ್ಬಿಸುವುದೂ ದೇವರ ಕೃಪೆಯೇ ಎಂದು 1547ರಲ್ಲಿ ಟ್ರೆಂಟ್ ಮಹಾಸಭೆ ಕಲಿಸಿತು. ನಮ್ಮ ಹೋಲಿಕೆ ಇಲ್ಲಿ ಕುಂಟುತ್ತದೆ; ಯಾವ ಕೇಜೂ ಮನಸ್ಸನ್ನು ಎಬ್ಬಿಸಲಾರದು.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಕೆಲಸ ನಿಂತರೂ ಸಯನೈಡ್ ದಿಬ್ಬಗಳು ಹಾಗೆಯೇ ಉಳಿದವು. ಗಾಳಿ ಎದ್ದರೆ ಅವುಗಳ ಧೂಳು ಮನೆಯೊಳಗೆ ಬರುತ್ತದೆ. ಪಾಪದ ವಿಷಯವೂ ಹೀಗೆಯೇ. ಪಕ್ಕದವರ ಹೊಲದ ಬದುವನ್ನು ಎರಡು ಸಾಲಿನಷ್ಟು ಒತ್ತಿದವನು ಪಾಪನಿವೇದನೆ ಮಾಡಿದರೆ ಕ್ಷಮೆ ನಿಜವಾಗಿಯೂ ಸಿಗುತ್ತದೆ. ಆದರೆ ಬದು ತಾನಾಗಿ ಹಿಂದೆ ಸರಿಯುವುದಿಲ್ಲ. ಕ್ಷಮೆ ಪಾಪವನ್ನು ಅಳಿಸುತ್ತದೆ, ಪಾಪದಿಂದಾದ ಹಾನಿಯನ್ನು ನಾವು ಸರಿಪಡಿಸಬೇಕು ಎಂದು 1992ರ ಧರ್ಮೋಪದೇಶ ಗ್ರಂಥ ತಿಳಿಸುತ್ತದೆ. ಮೂರು ನಮೋ ಮರಿಯೆ ಹೇಳಿ, ಒತ್ತಿದ ನೆಲದಲ್ಲೇ ರಾಗಿ ಬಿತ್ತಿದರೆ ಅದು ಪ್ರಾಯಶ್ಚಿತ್ತವಾದೀತೇ?

ಜಕ್ಕಾಯನನ್ನು ನೋಡಿ. ಮೋಸದಿಂದ ಪಡೆದಿದ್ದರೆ ನಾಲ್ಕರಷ್ಟು ಹಿಂದಿರುಗಿಸುವೆನೆಂದು ಅವನು ಮಾತು ಕೊಟ್ಟ. ಆದರೆ ಆ ಮಾತಿಗೂ ಮೊದಲೇ ಯೇಸು ಅವನನ್ನು ಹೆಸರು ಹಿಡಿದು ಕರೆದಿದ್ದರು, ಅವನ ಮನೆಗೆ ಬರುತ್ತೇನೆಂದಿದ್ದರು. ಹಿಂದಿರುಗಿಸಿದ್ದಕ್ಕೆ ಸಿಕ್ಕ ಕೂಲಿಯಲ್ಲ ಕೃಪೆ.

ಗುರುಗಳು ಏನೆಂದುಕೊಳ್ಳುವರೋ ಎಂದು ವರ್ಷಗಟ್ಟಲೆ ಪಾಪನಿವೇದನೆಗೆ ಬಾರದವರು ನಮ್ಮಲ್ಲಿದ್ದಾರೆ. ಅಲ್ಲಿ ಕೇಳಿದ್ದನ್ನು ಗುರುಗಳು ಯಾರಿಗೂ, ಯಾವ ಕಾರಣಕ್ಕೂ ಹೇಳುವಂತಿಲ್ಲ. ಕೊನೆಯ ಸಲ ಬಂದು ಎಷ್ಟು ವರ್ಷವಾಯಿತೆಂದು ಹೇಳಿ ಶುರುಮಾಡಿದರೆ ಸಾಕು, ಮುಂದಕ್ಕೆ ಅವರೇ ನೆರವಾಗುತ್ತಾರೆ.