ಸೆಲ್ಫ್ ತಿರುಗಿದರೂ ಸ್ಟಾರ್ಟ್ ಆಗದ ಅಂಬಾಸಿಡರ್

“ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು” ಎಂಬ ಗಾದೆಯನ್ನು ನಾವೆಲ್ಲರೂ ಕೇಳಿದ್ದೇವೆ. ಹಳೆಯ ಮೋಟಾರು ಗಾಡಿಗಳ ರಿಪೇರಿಯಲ್ಲಿ ಈ ಗಾದೆ ಮತ್ತೆ ಮತ್ತೆ ನಿಜವಾಗುತ್ತಿರುತ್ತದೆ. ಕೀಲಿ ತಿರುಗಿಸಿದರೆ ಸೆಲ್ಫ್ ಹೊಡೆಯುತ್ತದೆ, ಎಂಜಿನ್ ಗರಗರನೆ ತಿರುಗುತ್ತದೆ. ಆದರೆ ಸ್ಟಾರ್ಟ್ ಮಾತ್ರ ಆಗುವುದಿಲ್ಲ. ಬ್ಯಾಟರಿ ಹೋಗಿದೆ ಎನ್ನುವವರೊಬ್ಬರು, ಕಾರ್ಬುರೇಟರ್ ಕೆಟ್ಟಿದೆ ಎನ್ನುವವರೊಬ್ಬರು, ಪ್ಲಗ್ಗು ಬದಲಾಯಿಸಿ ಎನ್ನುವವರು ಮತ್ತೊಬ್ಬರು. ದುಡ್ಡು ಖರ್ಚಾಗುತ್ತದೆ, ಗಾಡಿ ನಿಂತಲ್ಲೇ ನಿಂತಿರುತ್ತದೆ. ಇಂತಹ ಸಂದರ್ಭದಲ್ಲಿ ದೋಷವನ್ನು ಕ್ರಮವಾಗಿ ಹುಡುಕುವುದು ಹೇಗೆಂಬುದನ್ನು ಅಂಬಾಸಿಡರ್ ಕಾರಿನ ನಿದರ್ಶನದಿಂದ ವಿವರಿಸುವುದೇ ಈ ಲೇಖನದ ಉದ್ದೇಶ.

ಕಲಾ ಕಾಲೇಜಿನ ಸಂಚಿಕೆಯಲ್ಲಿ ಕಾರ್ಬುರೇಟರಿಗೇನು ಕೆಲಸವೆಂದು ವಾಚಕರು ಕೇಳಬಹುದು. ನನ್ನ ತಂದೆಯವರು ಬಾಡಿಗೆ ಕಾರು ಓಡಿಸಿ ನನ್ನನ್ನು ಓದಿಸಿದವರು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ತರ್ಕಶಾಸ್ತ್ರದಲ್ಲಿ ಅನ್ವಯ, ವ್ಯತಿರೇಕ ಎಂಬ ಮಾತುಗಳಿವೆ. ಕಾರಣವಿದ್ದಲ್ಲಿ ಕಾರ್ಯವಿರಬೇಕು, ಕಾರಣವಿಲ್ಲದಲ್ಲಿ ಕಾರ್ಯವೂ ಇರಬಾರದು ಎಂಬುದು ಅವುಗಳ ತಾತ್ಪರ್ಯ. ಆ ಹೆಸರುಗಳನ್ನು ಕೇಳಿಯೂ ಅರಿಯದ ತಂದೆಯವರು ಬಾನೆಟ್ಟು ಎತ್ತಿ ಮಾಡುವುದು ಅದೇ ಕೆಲಸವನ್ನು. ಆದುದರಿಂದ ಈ ವಿಷಯ ನಮ್ಮ ಅಧ್ಯಯನಕ್ಕೆ ತೀರ ಹೊರಗಿನದೇನೂ ಅಲ್ಲ.

ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮಾದರಿಯಲ್ಲಿ ಹಿಂದೂಸ್ಥಾನ್ ಮೋಟಾರ್ಸ್ ಸಂಸ್ಥೆಯವರು ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ 1950ರ ದಶಕದ ಕೊನೆಯಿಂದ 2014ರವರೆಗೆ ಅಂಬಾಸಿಡರನ್ನು ತಯಾರಿಸಿದರು. ಅದಕ್ಕೆ ಹಲವು ಬಗೆಯ ಎಂಜಿನ್‌ಗಳು ಬಂದುವು. ಇಲ್ಲಿ ಹೇಳುವುದು ಪಾಯಿಂಟು ಮತ್ತು ಕಾರ್ಬುರೇಟರ್ ಉಳ್ಳ, ನಾಲ್ಕು ಸಿಲಿಂಡರಿನ, 1489 ಸಿ.ಸಿ. ಪೆಟ್ರೋಲ್ ಎಂಜಿನ್ನನ್ನು ಕುರಿತು.

ಇಂತಹ ಎಂಜಿನ್ ಜೀವ ತಳೆಯಬೇಕಾದರೆ ಮೂರು ಸಂಗತಿಗಳು ಕೂಡಿಬರಬೇಕು. ಪೆಟ್ರೋಲು ಮತ್ತು ಗಾಳಿ ತಕ್ಕ ಪ್ರಮಾಣದಲ್ಲಿ ಬೆರೆತು ಸಿಲಿಂಡರಿಗೆ ಬರಬೇಕು. ಆ ಮಿಶ್ರಣವನ್ನು ಪಿಸ್ಟನ್ ಬಿಗಿಯಾಗಿ ಒತ್ತಬೇಕು. ಒತ್ತಿದ ಸಮಯಕ್ಕೆ ಸರಿಯಾಗಿ ಪ್ಲಗ್ಗಿನಲ್ಲಿ ಕಿಡಿ ಹಾರಬೇಕು. ಇವುಗಳಲ್ಲಿ ಯಾವುದಿಲ್ಲವೆಂದು ತಿಳಿದರೆ ಮುಕ್ಕಾಲು ಕೆಲಸ ಮುಗಿದಂತೆ.

ಮೊದಲು ಸೆಲ್ಫ್ ತಿರುಗುವ ವೇಗವನ್ನು ಗಮನಿಸಬೇಕು. ಅದು ಚುರುಕಾಗಿದ್ದರೆ ಬ್ಯಾಟರಿಯೂ ಸೆಲ್ಫ್ ಮೋಟಾರೂ ನಿರಪರಾಧಿಗಳೆಂದು ಬಿಟ್ಟುಬಿಡಬಹುದು. ಎಳೆದೆಳೆದು ತಿರುಗಿದರೆ ಹಾಗೆ ಬಿಡುವಂತಿಲ್ಲ. ಸೆಲ್ಫೇ ಹೆಚ್ಚಿನ ವಿದ್ಯುತ್ತನ್ನು ಹೀರಿಕೊಂಡು, 12 ವೋಲ್ಟಿನ ಬ್ಯಾಟರಿಯ ಒತ್ತಡ ಕುಸಿದು, ಕಿಡಿಗೆ ಬೇಕಾದಷ್ಟು ಶಕ್ತಿ ಉಳಿಯದಿರಬಹುದು. ಬ್ಯಾಟರಿಯ ತುದಿಗಳನ್ನು ಉಜ್ಜಿ ಬಿಗಿಮಾಡಿ ಚಾರ್ಜು ನೋಡಿಕೊಂಡ ಮೇಲೆಯೇ ಮುಂದಿನ ಪರೀಕ್ಷೆ. ಗೇರು ನ್ಯೂಟ್ರಲ್ಲಿನಲ್ಲಿರಬೇಕು, ಹ್ಯಾಂಡ್ ಬ್ರೇಕ್ ಎಳೆದಿರಬೇಕು. ಫ್ಯಾನಿನ ಹತ್ತಿರ ಕೈಯಾಗಲಿ ಬಟ್ಟೆಯಾಗಲಿ ಇರಕೂಡದು. ಬೀಡಿ ಸಿಗರೇಟುಗಳಂತೂ ಸುತ್ತಮುತ್ತ ಎಲ್ಲಿಯೂ ಸಲ್ಲದು. ಸೆಲ್ಫನ್ನು ಒಂದು ಸಲಕ್ಕೆ ಸುಮಾರು 10 ಸೆಕೆಂಡಿಗಿಂತ ಹೆಚ್ಚು ಹೊಡೆಯದೆ ನಡುವೆ ವಿರಾಮ ಕೊಡಬೇಕು.

ಈಗ ಕಿಡಿಯ ಪರೀಕ್ಷೆ. ಒಂದು ಪ್ಲಗ್ಗನ್ನು ಬಿಚ್ಚಿ, ಅದರ ವಯರಿಗೆ ಸಿಕ್ಕಿಸಿ, ಪ್ಲಗ್ಗಿನ ಲೋಹದ ಮೈ ಎಂಜಿನ್ನಿಗೆ ತಗಲುವಂತೆ ಭದ್ರವಾಗಿ ಇಟ್ಟು ಇನ್ನೊಬ್ಬರಿಂದ ಸೆಲ್ಫ್ ಹೊಡೆಸಬೇಕು. ಪ್ಲಗ್ಗು ಬಿಚ್ಚಿದ ರಂಧ್ರದಿಂದ ಪೆಟ್ರೋಲಿನ ಆವಿ ಹೊರಬರುವುದರಿಂದ ಕಿಡಿಯನ್ನು ಅಲ್ಲಿಂದ ದೂರವಿಡಬೇಕು. ಚಟಚಟನೆ ನೀಲಿ ಕಿಡಿ ಹಾರಿದರೆ ಕಿಡಿಯುಂಟು. ಹಾರದಿದ್ದರೆ ಅದೇ ಪ್ಲಗ್ಗನ್ನು ಕಾಯಿಲಿನಿಂದ ಡಿಸ್ಟ್ರಿಬ್ಯೂಟರಿಗೆ ಹೋಗುವ ನಡುವಣ ದಪ್ಪ ವಯರಿಗೆ ಸಿಕ್ಕಿಸಿ ಮತ್ತೆ ನೋಡಬೇಕು. ಅಲ್ಲಿ ಕಿಡಿಯಿದ್ದು ಪ್ಲಗ್ಗಿನ ವಯರುಗಳಲ್ಲಿ ಇಲ್ಲವೆಂದರೆ ದೋಷವು ಆ ಎರಡರ ನಡುವೆ ಸಿಕ್ಕಿಬಿದ್ದಂತಾಯಿತು. ಡಿಸ್ಟ್ರಿಬ್ಯೂಟರ್ ಮುಚ್ಚಳದಲ್ಲಿ ಕೂದಲೆಳೆಯಷ್ಟು ಬಿರುಕು ಇರಬಹುದು, ಮಳೆಗಾಲದ ತೇವ ಕುಳಿತಿರಬಹುದು, ಅಥವಾ ರೋಟರ್ ಕೆಟ್ಟಿರಬಹುದು.

ಕಾಯಿಲಿನಲ್ಲಿಯೇ ಕಿಡಿ ಇಲ್ಲದಿದ್ದರೆ 12 ವೋಲ್ಟಿನ ಸಣ್ಣ ಬಲ್ಬೊಂದು ನಮಗೆ ಸಾಕ್ಷಿ ಹೇಳುತ್ತದೆ. ಬಲ್ಬಿನ ಒಂದು ವಯರನ್ನು ಗಾಡಿಯ ಮೈಗೂ ಇನ್ನೊಂದನ್ನು ಕಾಯಿಲಿಗೆ ಕೀಲಿಯ ಕಡೆಯಿಂದ ವಿದ್ಯುತ್ ಬರುವ ತುದಿಗೂ ಮುಟ್ಟಿಸಿ ಕೀಲಿ ತಿರುಗಿಸಿದರೆ ಬಲ್ಬು ಉರಿಯಬೇಕು. ಉರಿಯದಿದ್ದರೆ ದೋಷ ಕೀಲಿಯಲ್ಲಿಯೋ ವಯರಿನಲ್ಲಿಯೋ ಇದೆ. ಉರಿದರೆ ಡಿಸ್ಟ್ರಿಬ್ಯೂಟರಿಗೆ ಹೋಗುವ ತುದಿಗೆ ಮುಟ್ಟಿಸಿ ಸೆಲ್ಫ್ ಹೊಡೆಯಬೇಕು. ಪಾಯಿಂಟು ತೆರೆದಾಗ ಬಲ್ಬು ಹತ್ತಿ, ಮುಚ್ಚಿದಾಗ ಆರಿ, ಮಿಣುಕುತ್ತಿರಬೇಕು. ಒಂದೇ ಸಮನೆ ಉರಿಯುತ್ತಿದ್ದರೆ ಪಾಯಿಂಟಿನಲ್ಲಿ ಕೊಳೆ ಕೂತಿದೆ, ಇಲ್ಲವೆ ಅದು ಮುಚ್ಚಿಕೊಳ್ಳುತ್ತಿಲ್ಲ, ಇಲ್ಲವೆ ಒಳಗಿನ ವಯರು ತುಂಡಾಗಿದೆ. ಹತ್ತಲೇ ಇಲ್ಲವೆಂದರೆ ಪಾಯಿಂಟು ತೆರೆದುಕೊಳ್ಳುತ್ತಿಲ್ಲ, ಕಂಡೆನ್ಸರ್ ಅಥವಾ ವಯರು ಗಾಡಿಯ ಮೈಗೆ ತಗಲಿಕೊಂಡಿದೆ, ಅಥವಾ ಕಾಯಿಲಿನ ಒಳಸುತ್ತು ಕಡಿದಿದೆ. ಬಲ್ಬು ಸರಿಯಾಗಿ ಮಿಣುಕಿದರೂ ಕಿಡಿ ಬಾರದಿದ್ದರೆ ಆಗ ಕಂಡೆನ್ಸರನ್ನೂ ಕಾಯಿಲನ್ನೂ ಒಂದಾದ ಮೇಲೊಂದರಂತೆ ಬದಲಿಸಿ ನೋಡಬಹುದು. ಪಾಯಿಂಟಿನ ತೆರಪು ಸುಮಾರು 0.015 ಅಂಗುಲ, ಪ್ಲಗ್ಗಿನ ತೆರಪು ಸುಮಾರು 0.025 ಅಂಗುಲ ಇರಬೇಕು.

ಕಿಡಿ ಚೆನ್ನಾಗಿದ್ದರೆ ಪೆಟ್ರೋಲಿನ ಕಡೆ ತಿರುಗಬೇಕು. ಹಳೆಯ ಗಾಡಿಯ ಪೆಟ್ರೋಲ್ ಮುಳ್ಳನ್ನು ನಂಬದೆ ಮೊದಲು ಟ್ಯಾಂಕನ್ನೇ ನೋಡುವುದು ಜಾಣತನ. ಬಳಿಕ ಪ್ಲಗ್ಗುಗಳ ತುದಿಯನ್ನು ಪರೀಕ್ಷಿಸಬೇಕು. ಅವು ಒದ್ದೆಯಾಗಿದ್ದರೆ ಪೆಟ್ರೋಲು ಅತಿಯಾಗಿದೆ: ಚೋಕನ್ನು ಹೆಚ್ಚಾಗಿ ಎಳೆದಿರಬಹುದು, ಅಥವಾ ಕಾರ್ಬುರೇಟರಿನ ಫ್ಲೋಟು ಸೂಜಿ ಮುಚ್ಚಿಕೊಳ್ಳದಿರಬಹುದು. ಪ್ಲಗ್ಗುಗಳನ್ನು ಒರೆಸಿ ಒಣಗಿಸಿ, ಚೋಕನ್ನು ಒಳಗೆ ತಳ್ಳಿ, ಆಕ್ಸಿಲರೇಟರನ್ನು ಪೂರ್ತಿ ಒತ್ತಿಹಿಡಿದು ಸೆಲ್ಫ್ ಹೊಡೆಯಬೇಕು. ಮೇಲೆ ಕೆಳಗೆ ತುಳಿಯಕೂಡದು.

ಪ್ಲಗ್ಗುಗಳು ಒಣಗಿದ್ದರೆ, ಕಾಯಿಲಿನ ನಡುವಣ ವಯರನ್ನು ಎಂಜಿನ್ನಿನ ಮೈಗೆ ಕೂಡಿಸಿ ಕಿಡಿಯನ್ನು ತಡೆದ ಬಳಿಕ, ಕಾರ್ಬುರೇಟರಿಗೆ ಬರುವ ಪೈಪನ್ನು ಬಿಚ್ಚಿ ಬಾಟಲಿಯೊಳಗಿಟ್ಟು ಸೆಲ್ಫ್ ಹೊಡೆಸಬೇಕು. ಪೆಟ್ರೋಲು ಚಿಮ್ಮಿ ಚಿಮ್ಮಿ ಬಂದರೆ ಪಂಪು ನಿರ್ದೋಷಿ. ದೋಷ ಮುಂದೆ, ಕಾರ್ಬುರೇಟರಿನ ಸೂಜಿಯಲ್ಲಿಯೋ ಜೆಟ್ಟಿನಲ್ಲಿಯೋ ಇದೆ. ಬಾರದಿದ್ದರೆ ಪಂಪಿನ ಡಯಾಫ್ರಂ ಹರಿದಿರಬಹುದು, ಜಾಲರಿ ಕಟ್ಟಿರಬಹುದು, ಟ್ಯಾಂಕಿನ ಕಡೆಯ ಪೈಪು ಗಾಳಿ ಎಳೆಯುತ್ತಿರಬಹುದು. ಇಂದಿನ ಪೆಟ್ರೋಲಿನಲ್ಲಿ 20 ಪ್ರತಿಶತದವರೆಗೆ ಎಥನಾಲ್ ಬೆರೆತಿರುತ್ತದೆ. ಹಳೆಯ ಕಾಲದ ರಬ್ಬರ್ ಭಾಗಗಳು ಅದಕ್ಕೆಂದು ತಯಾರಾದುವಲ್ಲ. ಇನ್ನು ಬೇಸಿಗೆಯಲ್ಲಿ ಘಾಟಿ ಹತ್ತಿ ನಿಂತ ಗಾಡಿ ಮತ್ತೆ ಏಳದಿದ್ದರೆ ಪೆಟ್ರೋಲು ಪೈಪಿನಲ್ಲಿಯೇ ಆವಿಯಾಗಿರಬಹುದು. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ತಣಿಸುವ ಡ್ರೈವರುಗಳ ಉಪಾಯ ಇದಕ್ಕಾಗಿಯೇ.

ಕಿಡಿಯೂ ಪೆಟ್ರೋಲೂ ಇದ್ದು ಗಾಡಿ ಏಳದಿದ್ದರೆ ಉಳಿದುದು ಸಮಯ ಮತ್ತು ಒತ್ತಡ. ಈ ಎಂಜಿನ್ನಿನಲ್ಲಿ ಕಿಡಿಯ ಸರದಿ 1, 3, 4, 2. ವಯರುಗಳನ್ನು ತಪ್ಪಾಗಿ ಸಿಕ್ಕಿಸಿದ್ದರೆ ಎಂಜಿನ್ ಕೆಮ್ಮುತ್ತದೆ, ಕಾರ್ಬುರೇಟರಿಗೆ ಹಿಮ್ಮುಖವಾಗಿ ಹೊಡೆಯುತ್ತದೆ. ಕೊನೆಯದಾಗಿ ಪ್ಲಗ್ಗಿನ ರಂಧ್ರಕ್ಕೆ ಗೇಜು ಹಿಡಿದು ನಾಲ್ಕೂ ಸಿಲಿಂಡರುಗಳ ಒತ್ತಡವನ್ನು ಹೋಲಿಸಬೇಕು. ಅಕ್ಕಪಕ್ಕದ ಎರಡರಲ್ಲಿ ಮಾತ್ರ ಕಡಿಮೆಯಿದ್ದರೆ ಹೆಡ್ ಗ್ಯಾಸ್ಕೆಟ್ಟಿನ ಮೇಲೆ ಸಂಶಯ ಪಡಬೇಕು.

ಈ ಕ್ರಮದ ಬೆಲೆಯನ್ನು ಒಂದು ನಿದರ್ಶನದಿಂದ ತಿಳಿಯಬಹುದು. ನಮ್ಮ ಬಂಧುಗಳೊಬ್ಬರ ಅಂಬಾಸಿಡರ್ ಮದುವೆಯ ದಿನಗಳಲ್ಲಿಯೇ ನಿಂತುಹೋಯಿತು. ಒಂದು ಗ್ಯಾರೇಜಿನಲ್ಲಿ ಮೊದಲು ಬ್ಯಾಟರಿ, ಆಮೇಲೆ ಪ್ಲಗ್ಗು, ಆಮೇಲೆ ಕಾಯಿಲು ಬದಲಾದುವು. ಬಾಡಿಗೆಯೂ ಹೋಯಿತು, ಸಾಲವೂ ಆಯಿತು. ತಂದೆಯವರು ಬಲ್ಬು ಹಿಡಿದು ನೋಡಿದಾಗ ಅದು ಮಿಣುಕದೆ ಒಂದೇ ಸಮನೆ ಉರಿಯಿತು. ಡಿಸ್ಟ್ರಿಬ್ಯೂಟರಿನೊಳಗೆ ಪಾಯಿಂಟಿಗೆ ಹೋಗುವ ಗೇಣುದ್ದವೂ ಇಲ್ಲದ ವಯರೊಂದು ಹೊದಿಕೆಯೊಳಗೇ ಕಡಿದಿತ್ತು. ಹೊರಗಿನಿಂದ ನೋಡುವವರಿಗೆ ಅದು ಸರಿಯಾಗಿಯೇ ಕಾಣುತ್ತಿತ್ತು. ಹೊಸ ವಯರು ಹಾಕಿದೊಡನೆ ಗಾಡಿ ಸ್ಟಾರ್ಟ್ ಆಯಿತು.

ಒಂದು ಸಲಕ್ಕೆ ಒಂದನ್ನೇ ಪರೀಕ್ಷಿಸು, ಪರೀಕ್ಷೆಯ ಮಾತನ್ನು ಕೇಳಿದ ಬಳಿಕವೇ ಬದಲಿಸು: ಇಷ್ಟೇ ಈ ವಿದ್ಯೆಯ ಸಾರ. ಅಂಬಾಸಿಡರ್ ಈಗ ತಯಾರಾಗುವುದಿಲ್ಲ. ಅದರ ನಾಡಿಯನ್ನು ಬಲ್ಲ ಮೇಸ್ತ್ರಿಗಳಿಗೂ ವಯಸ್ಸಾಗುತ್ತಿದೆ. ಅವರಲ್ಲಿ ಬಹುಮಂದಿ ತಾವು ಬಲ್ಲುದನ್ನು ಬರೆದಿಟ್ಟವರಲ್ಲ. ಅವರ ದುಡಿಮೆಯಿಂದಲೇ ಬರೆಯಲು ಕಲಿತ ನಮ್ಮಂಥವರು ಆ ತಿಳಿವಳಿಕೆಯನ್ನು ಕೇಳಿ ಬರೆದಿಡದಿದ್ದರೆ ಅದು ಅವರೊಡನೆಯೇ ಮುಗಿದುಹೋಗುವುದು. ನಮ್ಮ ನಮ್ಮ ಊರಿನ ಹಳೆಯ ಗ್ಯಾರೇಜಿಗೆ ಒಂದು ನೋಟ್‌ಬುಕ್ಕಿನೊಡನೆ ಹೋಗಿ ಕುಳಿತುಕೊಳ್ಳಬೇಕೆಂದು ನನ್ನ ಸಹಪಾಠಿಗಳಲ್ಲಿ ಬಿನ್ನವಿಸುತ್ತೇನೆ.